ಪೂರ್ವನಿಯೋಜನೆಯ ಹೊಣೆ: ಗಿಂಪ್ ಎಂಬ ಚಿತ್ರಸಂಪಾದನ ತಂತ್ರಾಂಶದ ವಿಮರ್ಶೆ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ತೊಡಗಿದವರು ಓಲೆಗರಿಯನ್ನು ಕೈಯಲ್ಲಿ ಹಿಡಿದು ಓದುವುದರ ಜೊತೆಗೆ ಅದರ ಛಾಯಾಚಿತ್ರವನ್ನು ಕಂಪ್ಯೂಟರಿನ ತೆರೆಯ ಮೇಲೆ ಓದುವುದೂ ಈಗ ವಾಡಿಕೆಯಾಗಿದೆ. ಮಾಸಿದ ಅಕ್ಷರಗಳನ್ನು ಸ್ಫುಟಗೊಳಿಸುವುದು, ಓರೆಯಾಗಿ ತೆಗೆದ ಶಾಸನದ ಚಿತ್ರವನ್ನು ನೇರ್ಪಡಿಸುವುದು, ಮುರಿದ ಗರಿಯ ಎರಡು ತುಂಡುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಹೊಂದಿಸಿ ನೋಡುವುದು, ಇವೆಲ್ಲ ಚಿತ್ರಸಂಪಾದನ ತಂತ್ರಾಂಶಗಳ ನೆರವಿನಿಂದ ನಡೆಯತಕ್ಕ ಕೆಲಸಗಳು. ಹೀಗಿರಲು ಅಂತಹ ಉಪಕರಣಗಳ ಗುಣದೋಷವಿಚಾರವು ಸಾಹಿತ್ಯಾಭ್ಯಾಸಿಗಳಿಗೆ ಹೊರಗಿನ ವಿಷಯವೆಂದು ಹೇಳುವಂತಿಲ್ಲ. ಪಾಠವನ್ನು ನಿರ್ಣಯಿಸುವವನು ತಾನು ಯಾವ ಕನ್ನಡಕದ ಮೂಲಕ ಅದನ್ನು ನೋಡುತ್ತಿರುವನೆಂಬುದನ್ನು ತಿಳಿದಿರಬೇಕಷ್ಟೆ.

ಈ ಲೇಖನದಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಗಿಂಪ್ ಎಂಬ ತಂತ್ರಾಂಶ. ೧೯೯೫ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬಿಬ್ಬರು ಇದರ ರಚನೆಯನ್ನು ಆರಂಭಿಸಿದರು. ೧೯೯೬ರಲ್ಲಿ ಇದು ಮೊದಲ ಬಾರಿಗೆ ಸಾರ್ವಜನಿಕರ ಕೈಸೇರಿತು, ೧೯೯೮ರಲ್ಲಿ ೧.೦ ಎಂಬ ಆವೃತ್ತಿಯೂ, ೨೦೦೪ರಲ್ಲಿ ೨.೦ ಎಂಬುದೂ, ೨೦೨೫ರ ಮಾರ್ಚಿ ತಿಂಗಳಲ್ಲಿ ೩.೦ ಎಂಬುದೂ ಹೊರಬಂದವು. ಇದನ್ನು ಬೆಲೆಕೊಡದೆ ಪಡೆಯಬಹುದು. ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಅದೇ ಷರತ್ತಿನ ಮೇಲೆ ಇತರರಿಗೆ ಹಂಚಬಹುದು. ಇದನ್ನು ಬೆಳೆಯಿಸಿದವರಲ್ಲಿ ಬಹುಮಂದಿ ಸ್ವಂತ ಇಷ್ಟದಿಂದ ದುಡಿದವರು. ಇಂತಹ ಕೃತಿಯ ವಿಷಯದಲ್ಲಿ ವಿಮರ್ಶಕನು ಮೊದಲು ಕೃತಜ್ಞನಾಗಿರಬೇಕಾದುದು ನ್ಯಾಯ. ಆದರೆ ಕೃತಜ್ಞತೆಯು ವಿಮರ್ಶೆಯ ಬಾಯನ್ನು ಕಟ್ಟಬಾರದು.

ಗಿಂಪನ್ನು ಕುರಿತು ಬಹುಕಾಲದಿಂದ ಕೇಳಿಬರುತ್ತಿರುವ ದೂರುಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಒಂದು ದೊಡ್ಡ ಭಾಗವು ತಂತ್ರಾಂಶದ ಶಕ್ತಿಗೆ ಸಂಬಂಧಿಸಿದುದಲ್ಲವೆಂಬುದು ಗೋಚರವಾಗುತ್ತದೆ. ಬೇಕಾದ ಸೌಕರ್ಯವು ಒಳಗೆ ಇದ್ದೇ ಇರುತ್ತದೆ; ಆದರೆ ತಂತ್ರಾಂಶವನ್ನು ತೆರೆದೊಡನೆ ಅದು ಬೇರೊಂದು ರೀತಿಯಲ್ಲಿ ಅಣಿಗೊಂಡಿರುತ್ತದೆ. ಬಳಸುವವನು ಏನನ್ನೂ ಆರಿಸದಿದ್ದಾಗ ತಂತ್ರಾಂಶವು ತಾನಾಗಿ ಹಿಡಿಯುವ ದಾರಿಗೆ ಡಿಫಾಲ್ಟ್ ಎಂದು ಹೆಸರು. ಜನರು ಮುನಿದುಕೊಳ್ಳುವುದು ಬಹುಮಟ್ಟಿಗೆ ಈ ಡಿಫಾಲ್ಟುಗಳ ಮೇಲೆಯೇ.

ಮೊದಲು ಶಬ್ದವನ್ನು ವಿಚಾರಿಸೋಣ. ಡಿಫಾಲ್ಟ್ ಎಂಬುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಮಾತು. ಅದರ ಮೂಲಾರ್ಥವು ಕೊರತೆ, ತಪ್ಪುವಿಕೆ ಎಂದು. ವ್ಯಾಜ್ಯದ ದಿನ ನ್ಯಾಯಾಲಯಕ್ಕೆ ಹಾಜರಾಗದೆ ತಪ್ಪಿಸಿಕೊಂಡವನಿಗೂ, ತೀರಿಸಬೇಕಾದ ಸಾಲವನ್ನು ತೀರಿಸದವನಿಗೂ ಆ ಭಾಷೆಯಲ್ಲಿ ಇದೇ ಮಾತು ಸಲ್ಲುತ್ತದೆ. ಎಂದರೆ ಆ ಶಬ್ದವು ಬೆರಳುಮಾಡಿ ತೋರಿಸುವುದು ಬಳಸುವವನ ಕಡೆಗೆ: ನೀನು ಆರಿಸಲಿಲ್ಲ, ಆದುದರಿಂದ ಹೀಗಾಯಿತು ಎಂದು. ತಂತ್ರಾಂಶಗಳನ್ನು ಕನ್ನಡಿಸಿದವರು ಇದಕ್ಕೆ ಪೂರ್ವನಿಯೋಜಿತ ಎಂಬ ಶಬ್ದವನ್ನು ಬಳಸಿದ್ದಾರೆ. ಇದು ಮೊದಲೇ ಗೊತ್ತುಮಾಡಿಟ್ಟುದು ಎಂಬರ್ಥವನ್ನು ಕೊಡುತ್ತದೆ. ಗೊತ್ತುಮಾಡಿದ ಒಬ್ಬ ಕರ್ತೃವು ಇರುವನೆಂಬುದನ್ನೂ ಸೂಚಿಸುತ್ತದೆ. ಒಂದೇ ಸಂಗತಿಯನ್ನು ಒಂದು ಭಾಷೆ ಬಳಸುವವನ ಲೋಪವೆಂದೂ ಇನ್ನೊಂದು ಭಾಷೆ ಮಾಡಿದವನ ಕ್ರಿಯೆಯೆಂದೂ ಕರೆದಂತಾಯಿತು. ಗಿಂಪಿನ ವಿಷಯದಲ್ಲಿ ನಡೆದ ವಾದವಿವಾದಗಳ ತಿರುಳು ಈ ಎರಡು ಅರ್ಥಗಳ ಘರ್ಷಣೆಯಲ್ಲಿಯೇ ಇರುವುದೆಂದು ನಮಗೆ ತೋರುತ್ತದೆ.

ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸ ವಿಚಾರವಲ್ಲ. ಸಾಮಾನ್ಯವಾದ ವಿಧಿಗೆ ಉತ್ಸರ್ಗವೆಂದೂ, ವಿಶೇಷಸ್ಥಳಗಳಲ್ಲಿ ಅದನ್ನು ಬಾಧಿಸುವ ವಿಧಿಗೆ ಅಪವಾದವೆಂದೂ ಹೆಸರು. ಅಪವಾದವಿಲ್ಲದ ಕಡೆ ಉತ್ಸರ್ಗವೇ ಪ್ರವರ್ತಿಸುವುದು. ಡಿಫಾಲ್ಟೆಂಬುದು ತಂತ್ರಾಂಶದ ಉತ್ಸರ್ಗವೇ ಸರಿ. ಉತ್ಸರ್ಗವನ್ನು ರಚಿಸುವುದರಲ್ಲಿ ವೈಯಾಕರಣನ ಜಾಣ್ಮೆ ಎರಡು ವಿಧದಲ್ಲಿ ಪರೀಕ್ಷೆಗೊಳಗಾಗುತ್ತದೆ. ಬಹುಪ್ರಯೋಗಗಳಿಗೆ ಅದು ಸಲ್ಲುವಂತಿರಬೇಕು. ಅದಕ್ಕೆ ಅಪವಾದವಿದ್ದರೆ ಓದುವವನಿಗೆ ಅದು ಹತ್ತಿರದಲ್ಲಿಯೇ ಸಿಕ್ಕಬೇಕು. ಈ ಎರಡು ಅಳತೆಗಳನ್ನು ಕೈಯಲ್ಲಿಟ್ಟುಕೊಂಡು ಗಿಂಪಿನ ಕೆಲವು ಪೂರ್ವನಿಯೋಜನೆಗಳನ್ನು ನೋಡೋಣ.

ಮೊದಲನೆಯದು ಕಿಟಕಿಗಳ ವಿಚಾರ. ಗಿಂಪಿನ ಹಿಂದಿನ ಆವೃತ್ತಿಗಳಲ್ಲಿ ಚಿತ್ರಕ್ಕೆ ಒಂದು ಕಿಟಕಿ, ಉಪಕರಣಗಳಿಗೆ ಇನ್ನೊಂದು, ಪದರಗಳ ಪಟ್ಟಿಗೆ ಮತ್ತೊಂದು, ಹೀಗೆ ತೆರೆಯ ತುಂಬ ಹಲವು ಕಿಟಕಿಗಳು ಹರಡಿಕೊಳ್ಳುತ್ತಿದ್ದವು. ಒಂದರ ಹಿಂದೆ ಒಂದು ಮರೆಯಾಗುವುದೂ, ಬೇಕಾದುದನ್ನು ಹುಡುಕುವುದೂ ನಿತ್ಯದ ಗೋಳಾಗಿತ್ತು. ೨೦೧೨ರ ಮೇ ತಿಂಗಳಲ್ಲಿ ಹೊರಬಂದ ೨.೮ ಆವೃತ್ತಿಯಲ್ಲಿ ಎಲ್ಲವನ್ನೂ ಒಂದೇ ಕಿಟಕಿಯೊಳಗೆ ಕೂಡಿಸುವ ಸೌಕರ್ಯವನ್ನು ಒದಗಿಸಿದರು. ಆದರೆ ಅದು ಮೆನುವಿನೊಳಗೆ ಗುರುತುಹಾಕಿ ಆರಿಸಿಕೊಳ್ಳಬೇಕಾದ ಸೌಕರ್ಯವಾಗಿತ್ತು. ಉತ್ಸರ್ಗವಾಗಿ ಉಳಿದುದು ಹಳೆಯ ರೀತಿಯೇ. ಒಂದೇ ಕಿಟಕಿಯ ಕ್ರಮವು ಪೂರ್ವನಿಯೋಜಿತವಾದುದು ೨೦೧೮ರ ಏಪ್ರಿಲಿನಲ್ಲಿ ಬಂದ ೨.೧೦ ಆವೃತ್ತಿಯಲ್ಲಿ. ನಡುವಣ ಆರು ವರ್ಷಗಳ ಕಾಲ, ಮೆನುವನ್ನು ಶೋಧಿಸದವನ ಮಟ್ಟಿಗೆ ಆ ಸೌಕರ್ಯವು ಇದ್ದೂ ಇಲ್ಲದಂತೆಯೇ ಇತ್ತು. ಗುಣವು ಕೃತಿಯೊಳಗೆ ಇದ್ದರೆ ಸಾಲದು, ಓದುಗನ ಕೈಗೆ ಎಟಕುವಂತಿರಬೇಕು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎರಡನೆಯದು ಉಪಕರಣಗಳ ಗುರುತುಚಿತ್ರಗಳಿಗೆ ಸಂಬಂಧಿಸಿದುದು. ಒಂದೇ ಕಿಟಕಿಯ ಕ್ರಮವನ್ನು ಉತ್ಸರ್ಗವಾಗಿ ಮಾಡಿ ಒಂದು ದೂರನ್ನು ನೀಗಿಸಿದ ೨.೧೦ ಆವೃತ್ತಿಯೇ ಇನ್ನೊಂದು ದೂರಿಗೆ ಎಡೆಮಾಡಿತು. ಅದರಲ್ಲಿ ಕಪ್ಪುಛಾಯೆಯ ಹಿನ್ನೆಲೆಯೂ, ಬಣ್ಣಗಳಿಲ್ಲದ ಏಕವರ್ಣದ ಗುರುತುಗಳೂ ಪೂರ್ವನಿಯೋಜಿತವಾದವು. ಚಿತ್ರದ ಬಣ್ಣಗಳನ್ನು ಅಳೆಯುವ ಕಣ್ಣಿಗೆ ಸುತ್ತಲಿನ ಬಣ್ಣಗಳು ಅಡ್ಡಿಯಾಗಬಾರದೆಂಬುದು ಇಂತಹ ಏರ್ಪಾಡಿನ ಸಮರ್ಥನೆ; ಛಾಯಾಚಿತ್ರದಲ್ಲಿ ನುರಿತವರು ಇದನ್ನು ಒಪ್ಪುವರು. ಆದರೆ ಹಳೆಯ ಗುರುತುಗಳನ್ನು ಜನರು ಆಕಾರದಿಂದ ಗುರುತಿಸುತ್ತಿದ್ದಷ್ಟೇ ಬಣ್ಣದಿಂದಲೂ ಗುರುತಿಸುತ್ತಿದ್ದರು. ಬಣ್ಣ ಹೋದೊಡನೆ ಕುಂಚಕ್ಕೂ ಸೀಸದಕಡ್ಡಿಗೂ ಇದ್ದ ಭೇದವು ಮಸುಕಾಯಿತು. ೨೦೨೦ರ ಫೆಬ್ರವರಿಯಲ್ಲಿ ಬಂದ ೨.೧೦.೧೮ ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆ ಮುಂದುವರಿದು, ಒಂದೇ ಜಾತಿಯ ಉಪಕರಣಗಳನ್ನು ಗುಂಪುಗೂಡಿಸಿ ಒಂದೇ ಗುಂಡಿಯ ಹಿಂದೆ ಇಟ್ಟರು. ಸ್ಥಳ ಉಳಿಯಿತೆಂಬುದು ನಿಜ. ಆದರೆ ನಿನ್ನೆ ಕಣ್ಣೆದುರಿಗಿದ್ದ ಉಪಕರಣವು ಇಂದು ಕಾಣದೆ, ಅದನ್ನು ತೆಗೆದೇಹಾಕಿದ್ದಾರೆಂದು ಭಾವಿಸುವವನ ಕಳವಳವೂ ಅಷ್ಟೇ ನಿಜ. ಹಳೆಯ ಬಣ್ಣದ ಗುರುತುಗಳನ್ನು ಹಿಂದಕ್ಕೆ ಪಡೆಯಲೂಬಹುದು, ಗುಂಪುಗಳನ್ನು ಬಿಚ್ಚಲೂಬಹುದು. ಎರಡಕ್ಕೂ ಪ್ರಿಫರೆನ್ಸಸ್ ಎಂಬ ವಿಭಾಗದೊಳಗೆ ಅವಕಾಶವುಂಟು. ಅಪವಾದವಿದೆ, ಆದರೆ ಅದು ಉತ್ಸರ್ಗದ ಹತ್ತಿರದಲ್ಲಿಲ್ಲ. ತೊಂದರೆ ಹುಟ್ಟುವ ಸ್ಥಳವೊಂದು, ಪರಿಹಾರವಿರುವ ಸ್ಥಳ ಇನ್ನೊಂದು.

ಮೂರನೆಯದು ಅಂಟಿಸುವ ಕ್ರಿಯೆ. ಒಂದು ಚಿತ್ರದ ತುಂಡನ್ನು ನಕಲುಮಾಡಿ ಇನ್ನೊಂದರ ಮೇಲೆ ಪೇಸ್ಟ್ ಮಾಡಿದರೆ, ೨.೧೦ರ ತನಕ ಅದು ಫ್ಲೋಟಿಂಗ್ ಸೆಲೆಕ್ಷನ್ ಎಂಬ ತೇಲುವ ಸ್ಥಿತಿಯಲ್ಲಿ ನಿಲ್ಲುತ್ತಿತ್ತು. ಅದನ್ನು ಕೆಳಗಿನ ಪದರಕ್ಕೆ ಸೇರಿಸಬೇಕು, ಇಲ್ಲವೆ ಸ್ವತಂತ್ರವಾದ ಪದರವಾಗಿ ಮಾಡಬೇಕು; ಅಲ್ಲಿಯವರೆಗೂ ಇತರ ಪದರಗಳ ಮೇಲೆ ಕೆಲಸ ಸಾಗದು. ಇದನ್ನರಿಯದ ಹೊಸಬನು ತಂತ್ರಾಂಶವೇ ಕೆಟ್ಟಿತೆಂದು ತಿಳಿದರೆ ತಪ್ಪೇನು? ತ್ರಿಶಂಕುವಿನಂತಹ ಈ ಸ್ಥಿತಿಯಿಂದ ಬಹುಮಂದಿಗೆ ಏನು ಪ್ರಯೋಜನವೆಂಬ ಪ್ರಶ್ನೆಗೆ ಸಮಾಧಾನಕರವಾದ ಉತ್ತರವಿಲ್ಲ. ೩.೦ ಆವೃತ್ತಿಯಲ್ಲಿ ಅಂಟಿಸಿದ ತುಂಡು ತಾನಾಗಿಯೇ ಹೊಸ ಪದರವಾಗುವಂತೆ ಮಾಡಿರುವುದು ಈ ಉತ್ಸರ್ಗವು ಬಹುಪ್ರಯೋಗಗಳಿಗೆ ಸಲ್ಲುವುದಾಗಿರಲಿಲ್ಲವೆಂಬುದಕ್ಕೆ ಮಾಡಿದವರೇ ಕೊಟ್ಟ ಸಾಕ್ಷ್ಯವೆನ್ನಬಹುದು.

ಇನ್ನು ನಾಲ್ಕನೆಯದೂ ಮುಖ್ಯವಾದುದೂ ಆದ ವಿಚಾರಕ್ಕೆ ಬರೋಣ. ೨.೮ ಆವೃತ್ತಿಗೆ ಮುಂಚೆ ಜೆಪೆಗ್ ರೂಪದ ಚಿತ್ರವೊಂದನ್ನು ತೆರೆದು, ತಿದ್ದಿ, ಸೇವ್ ಎಂಬ ಆಜ್ಞೆಯನ್ನು ಕೊಟ್ಟರೆ ಅದು ಜೆಪೆಗ್ ರೂಪದಲ್ಲಿಯೇ ಹಳೆಯದರ ಮೇಲೆ ಬರೆಯಲ್ಪಡುತ್ತಿತ್ತು. ೨.೮ರಿಂದೀಚೆಗೆ ಸೇವ್ ಎಂಬ ಆಜ್ಞೆಯು ಗಿಂಪಿನ ಸ್ವಂತ ರೂಪವಾದ ಎಕ್ಸ್‌ಸಿಎಫ್‌ಗೆ ಮಾತ್ರ ಸಲ್ಲುವುದು. ಬೇರೆ ಯಾವ ರೂಪಕ್ಕಾದರೂ ಎಕ್ಸ್‌ಪೋರ್ಟ್ ಎಂಬ ಬೇರೆಯ ಆಜ್ಞೆಯನ್ನೇ ಬಳಸಬೇಕು. ಈ ಬದಲಾವಣೆಯಿಂದ ಎದ್ದ ಕೂಗು ವರ್ಷಗಟ್ಟಲೆ ಅಡಗಲಿಲ್ಲ. ಒಂದು ಚಿಕ್ಕ ಚಿತ್ರದ ಅಂಚನ್ನು ಕತ್ತರಿಸಿ ಇಡಬೇಕೆಂದವನಿಗೆ, ಸೇವ್ ಎಂದರೆ ಆಗುವುದಿಲ್ಲವೆಂದು ತಂತ್ರಾಂಶವು ಬುದ್ಧಿ ಹೇಳಿತು. ಎಕ್ಸ್‌ಪೋರ್ಟ್ ಮಾಡಿ ಮುಚ್ಚಹೋದರೆ, ಇನ್ನೂ ಉಳಿಸದ ತಿದ್ದುಪಾಟುಗಳಿವೆಯೆಂದು ತಡೆಯಿತು. ಕೆಲಸ ಮುಗಿಸಿದವನನ್ನು ಕೆಲಸ ಮುಗಿದಿಲ್ಲವೆಂದು ನಿಲ್ಲಿಸಿದರೆ ಅವನು ಸಿಡುಕುವುದು ಸಹಜ.

ಆದರೆ ಇಲ್ಲಿ ನಮ್ಮ ಅಭಿಪ್ರಾಯವು ದೂರುವವರ ಅಭಿಪ್ರಾಯಕ್ಕಿಂತ ಭಿನ್ನವಾಗಿದೆ. ಗ್ರಂಥಸಂಪಾದನೆಯ ಕ್ರಮವನ್ನು ನೆನೆದರೆ ಕಾರಣವು ತಿಳಿಯುವುದು. ಸಂಪಾದಕನು ಮೂಲಪ್ರತಿಯ ಪಾಠವನ್ನೂ, ಪಾಠಾಂತರಗಳನ್ನೂ, ತನ್ನ ಊಹಾಪಾಠವನ್ನೂ ಬೇರೆಬೇರೆಯಾಗಿ ಗುರುತಿಸಿಡುತ್ತಾನೆ. ಮುಂದೆ ಬರುವವನು ಅವನ ನಿರ್ಣಯವನ್ನು ಪರೀಕ್ಷಿಸುವುದು ಇದರಿಂದಲೇ ಸಾಧ್ಯ. ಊಹಾಪಾಠವನ್ನು ಮೂಲದೊಳಗೆ ಸೇರಿಸಿ ಅಚ್ಚುಹಾಕಿ ಹಸ್ತಪ್ರತಿಯನ್ನು ಸುಟ್ಟುಹಾಕುವ ಸಂಪಾದಕನನ್ನು ನಾವು ಕ್ಷಮಿಸುವುದಿಲ್ಲ. ಎಕ್ಸ್‌ಸಿಎಫ್ ಎಂಬ ರೂಪವು ಪದರಗಳನ್ನೂ ಮುಸುಕುಗಳನ್ನೂ ಪ್ರತ್ಯೇಕವಾಗಿ ಉಳಿಸಿಕೊಳ್ಳುತ್ತದೆ. ಅದು ಪಾಠಾಂತರಸಹಿತವಾದ ಪ್ರತಿ. ಜೆಪೆಗ್ ರೂಪವು ಎಲ್ಲ ಪದರಗಳನ್ನೂ ಒಂದಾಗಿ ಕಲಸಿ, ಗಾತ್ರವನ್ನು ಕುಗ್ಗಿಸುವುದಕ್ಕಾಗಿ ಸೂಕ್ಷ್ಮವಾದ ವಿವರಗಳಲ್ಲಿ ಕೆಲವನ್ನು ಬಿಟ್ಟುಬಿಡುತ್ತದೆ. ತೆರೆದು ತಿದ್ದಿ ಮರಳಿ ಬರೆದ ಹಾಗೆಲ್ಲ ಈ ನಷ್ಟವು ಕೂಡುತ್ತ ಹೋಗುವುದು.

ಓಲೆಗರಿಯ ಚಿತ್ರದಲ್ಲಿ ಇದರ ಪರಿಣಾಮವೇನೆಂಬುದನ್ನು ನೋಡಬೇಕು. ಮಾಸಿದ ಬರೆಹವನ್ನು ಓದುವುದಕ್ಕಾಗಿ ಕಪ್ಪುಬಿಳುಪುಗಳ ಅಂತರವನ್ನು ಮಿತಿಮೀರಿ ಹೆಚ್ಚಿಸಿದರೆ, ಅಕ್ಷರದ ಪಕ್ಕದಲ್ಲಿ ಹುಳು ಕೊರೆದ ರಂಧ್ರವು ದುಂಡಗೆ ಕಪ್ಪಾಗಿ ನಿಂತು ಸೊನ್ನೆಯೆಂಬ ಭ್ರಮೆಯನ್ನು ಹುಟ್ಟಿಸಬಲ್ಲುದು; ಗರಿಯ ನಾರಿನ ಸೀಳು ಒತ್ತಕ್ಷರದ ಬಾಲದಂತೆ ಕಾಣಬಲ್ಲುದು. ಮೊದಲಿನ ಚಿತ್ರವು ಉಳಿದಿದ್ದರೆ ರಂಧ್ರದ ಅಂಚನ್ನು ಮತ್ತೊಮ್ಮೆ ನೋಡಿ ಸಂದೇಹವನ್ನು ಪರಿಹರಿಸಿಕೊಳ್ಳಬಹುದು. ಅದರ ಮೇಲೆಯೇ ತಿದ್ದಿದ ಚಿತ್ರವನ್ನು ಬರೆದುಬಿಟ್ಟಿದ್ದರೆ, ಅಷ್ಟರಲ್ಲಿ ಗರಿಯೂ ಪುಡಿಯಾಗಿದ್ದರೆ, ಆ ಸೊನ್ನೆಯು ಶಾಶ್ವತವಾಗಿ ಪಾಠದೊಳಗೆ ಸೇರಿಹೋಯಿತು. ಒಂದು ಸೊನ್ನೆಯಿಂದ ಶಬ್ದವೇ ಬೇರೆಯಾಗುವುದೆಂಬುದನ್ನು ಕನ್ನಡ ಬಲ್ಲವರಿಗೆ ಹೇಳಬೇಕಾಗಿಲ್ಲ. ಅರಿಯದೆ ಮಾಡಿದ ಒಂದು ಆಜ್ಞೆಯಿಂದ ಮರಳಿ ಬಾರದ ನಷ್ಟವು ಆಗಬಾರದೆಂಬುದು ೨.೮ ಆವೃತ್ತಿಯ ಬದಲಾವಣೆಯ ಹಿಂದಿನ ತತ್ತ್ವ. ಆ ತತ್ತ್ವವು ಸರಿಯಾದುದು.

ಹಾಗಾದರೆ ದೋಷವೆಲ್ಲಿ? ತತ್ತ್ವವನ್ನು ಆಚರಣೆಗೆ ತಂದ ರೀತಿಯಲ್ಲಿ. ಬಳಸುವವನ ಉದ್ದೇಶವನ್ನು ತಿಳಿದೂ ಅದನ್ನು ನೆರವೇರಿಸದೆ, ಬೇರೆ ಬಾಗಿಲಿಗೆ ಹೋಗೆಂದು ಹೇಳಿ ಕಳುಹಿಸಿದುದೇ ದೋಷ. ಸೇವ್ ಎಂಬಲ್ಲಿ ಜೆಪೆಗ್ ಹೆಸರನ್ನು ಬರೆದವನಿಗೆ ಏನು ಬೇಕೆಂಬುದು ತಂತ್ರಾಂಶಕ್ಕೆ ಆಗಲೇ ಗೊತ್ತಾಗಿರುತ್ತದೆ. ಅನಂತರದ ಆವೃತ್ತಿಗಳಲ್ಲಿ ಆ ಸ್ಥಳದಲ್ಲಿಯೇ ಎಕ್ಸ್‌ಪೋರ್ಟಿನ ಕಡೆಗೆ ಕರೆದೊಯ್ಯುವ ಗುಂಡಿಯನ್ನು ಇಟ್ಟರು. ಮುಚ್ಚುವಾಗ ಬರುವ ಎಚ್ಚರಿಕೆಯಲ್ಲಿಯೂ ಚಿತ್ರವನ್ನು ಎಕ್ಸ್‌ಪೋರ್ಟ್ ಮಾಡಲಾಗಿದೆಯೆಂಬ ಮಾತನ್ನು ಸೇರಿಸಿದರು. ಅಪವಾದವು ಉತ್ಸರ್ಗದ ಹತ್ತಿರಕ್ಕೆ ಬಂದಂತಾಯಿತು. ಇದನ್ನು ಮೊದಲೇ ಮಾಡಿದ್ದರೆ ಕೂಗಿನಲ್ಲಿ ಒಂದು ದೊಡ್ಡ ಪಾಲು ಹುಟ್ಟುತ್ತಲೇ ಇರಲಿಲ್ಲ. ಹಿತವಾದುದನ್ನು ಹೇಳುವವನು ಪ್ರಿಯವಾಗಿಯೂ ಹೇಳಬೇಕೆಂಬ ನಮ್ಮ ಹಿರಿಯರ ಮಾತು ಉಪಕರಣಗಳಿಗೂ ಅನ್ವಯಿಸುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ಇದು ಸ್ವತಂತ್ರ ತಂತ್ರಾಂಶ, ಬೆಲೆಯಿಲ್ಲದೆ ದೊರೆತದ್ದು, ಹಿಡಿಸದಿದ್ದರೆ ಏರ್ಪಾಡನ್ನು ಬದಲಾಯಿಸಿಕೊಳ್ಳಬಹುದು, ಅದೂ ಸಾಲದಿದ್ದರೆ ಮೂಲಸಂಕೇತವನ್ನೇ ತಿದ್ದಿಕೊಳ್ಳಬಹುದು. ಇಷ್ಟು ಸ್ವಾತಂತ್ರ್ಯವನ್ನು ಕೊಟ್ಟವರ ಮೇಲೆ ಡಿಫಾಲ್ಟಿನ ಹೊಣೆಯನ್ನು ಹೊರಿಸುವುದು ಅನ್ಯಾಯವಲ್ಲವೇ? ಈ ವಾದದಲ್ಲಿ ಸತ್ಯಾಂಶವುಂಟು. ಬೇರೊಂದು ಕ್ರಯದ ತಂತ್ರಾಂಶದಲ್ಲಿ ಕೈಪಳಗಿಸಿಕೊಂಡು ಬಂದವನು, ಇಲ್ಲಿಯೂ ಎಲ್ಲವೂ ಅದರಂತೆಯೇ ಇರಬೇಕೆಂದು ಹಟಹಿಡಿದರೆ, ಅದು ರೂಢಿಯ ಮಾತೇ ಹೊರತು ಹಕ್ಕಿನ ಮಾತಲ್ಲ. ದೂರಿದವರೆಲ್ಲರೂ ನ್ಯಾಯವಾಗಿಯೇ ದೂರಿದರೆಂದು ನಾವು ಹೇಳುವುದಿಲ್ಲ.

ಆದರೂ ಈ ವಾದವು ಪೂರ್ತಿಯಾಗಿ ನಿಲ್ಲದು. ಬದಲಾಯಿಸಬಹುದೆಂಬ ಸ್ವಾತಂತ್ರ್ಯವನ್ನು ಅನುಭವಿಸಲು, ಬದಲಾಯಿಸಬಹುದಾದ ಒಂದು ಸಂಗತಿ ಅಲ್ಲಿದೆಯೆಂಬ ತಿಳಿವು ಮೊದಲು ಬೇಕು. ನುರಿತವನಿಗೆ ಕೆಟ್ಟ ಡಿಫಾಲ್ಟು ಒಂದು ನಿಮಿಷದ ಕಿರುಕುಳ. ಹೊಸಬನಿಗೆ ಅದೇ ಶಾಸನ. ಜೆಪೆಗ್ ಚಿತ್ರವೊಂದನ್ನು ೨.೧೦ರಲ್ಲಿ ತೆರೆದು, ಹಿನ್ನೆಲೆಯನ್ನು ತೆಗೆಯಬೇಕೆಂದು ಅಳಿಸುವ ಉಪಕರಣವನ್ನು ಆಡಿಸಿದರೆ, ಪಾರದರ್ಶಕತೆಯ ಬದಲು ಹಿನ್ನೆಲೆಗೆಂದು ಗೊತ್ತುಮಾಡಿದ ಬಣ್ಣವು ಮೆತ್ತಿಕೊಳ್ಳುತ್ತದೆ. ಆ ಪದರಕ್ಕೆ ಆಲ್ಫಾ ಚಾನೆಲ್ ಎಂಬುದಿಲ್ಲ, ಅದನ್ನು ಮೊದಲು ಸೇರಿಸಬೇಕು, ಎಂಬುದು ಇದಕ್ಕೆ ಉತ್ತರ. ಆ ಹೆಸರನ್ನೇ ಕೇಳದವನು ಯಾವ ಮೆನುವಿನಲ್ಲಿ ಏನನ್ನು ಹುಡುಕಬೇಕು? ಆರಿಸುವ ಶಕ್ತಿ ಯಾರಿಗೆ ಅತ್ಯಂತ ಕಡಿಮೆಯೋ ಅವರ ಮೇಲೆಯೇ ಡಿಫಾಲ್ಟಿನ ಆಳ್ವಿಕೆ ಅತ್ಯಂತ ಪೂರ್ಣವಾಗಿರುವುದು. ಮೂಲಸಂಕೇತವನ್ನು ತಿದ್ದುವ ಹಕ್ಕು, ಅದನ್ನು ಓದಲಾರದವನ ಮಟ್ಟಿಗೆ, ಲಿಪಿಯರಿಯದವನಿಗೆ ಇತ್ತ ತಾಮ್ರಶಾಸನದಂತೆ.

ಪೂರ್ವನಿಯೋಜನೆಯ ಮಹತ್ವಕ್ಕೆ ಇನ್ನೊಂದು ಸಾಕ್ಷ್ಯವುಂಟು. ಫೋಟೋಗಿಂಪ್ ಎಂಬ ಹೆಸರಿನ ಒಂದು ಏರ್ಪಾಡನ್ನು ಗಿಂಪಿನ ಅಭಿಮಾನಿಗಳೇ ಸಿದ್ಧಪಡಿಸಿ ಹಂಚುತ್ತಿದ್ದಾರೆ. ಅದು ಮುಖ್ಯವಾಗಿ ಮಾಡುವುದಿಷ್ಟೆ: ಗಿಂಪಿನಲ್ಲಿ ಆಗಲೇ ಇರುವ ಉಪಕರಣಗಳ ಸ್ಥಾನವನ್ನೂ, ಕೀಲಿಮಣೆಯ ಆಜ್ಞೆಗಳನ್ನೂ ಫೋಟೋಶಾಪನ್ನು ಬಲ್ಲವರಿಗೆ ಒಗ್ಗುವಂತೆ ಮೊದಲೇ ಅಣಿಗೊಳಿಸಿಡುವುದು. ಡಿಫಾಲ್ಟುಗಳನ್ನು ಬದಲಾಯಿಸಿದುದರಿಂದಲೇ ಒಂದು ಹೊಸ ಹೆಸರೂ, ಹೊಸ ಬಳಕೆದಾರರ ಸಮೂಹವೂ ಹುಟ್ಟಿಕೊಂಡಿವೆ. ಡಿಫಾಲ್ಟೆಂಬುದು ಅಲ್ಪವಿಷಯವಾಗಿದ್ದರೆ ಇದು ಸಂಭವಿಸುತ್ತಿರಲಿಲ್ಲ. ದೂರನ್ನು ದೂರಾಗಿಯೇ ಬಿಡದೆ ಕೆಲಸವಾಗಿ ಪರಿವರ್ತಿಸಲು ಅವಕಾಶವಿತ್ತದ್ದು ಗಿಂಪಿನ ಸ್ವಾತಂತ್ರ್ಯವೇ ಎಂಬುದನ್ನೂ ಇಲ್ಲಿ ಮರೆಯಬಾರದು.

ಮೂರನೆಯ ಮಹಾವೃತ್ತಿಯಲ್ಲಿ ಕಾಣುವ ಒಂದು ನಡೆಯನ್ನು ಹೇಳಿ ಈ ವಿಚಾರವನ್ನು ಮುಗಿಸಬಹುದು. ಹಿಂದೆ ಮಸುಕುಮಾಡುವುದು, ಸ್ಫುಟಗೊಳಿಸುವುದು ಮೊದಲಾದ ಸಂಸ್ಕಾರಗಳು ಪದರದ ಮೇಲೆ ನಡೆದೊಡನೆ ಅದರಲ್ಲಿಯೇ ಬೆರೆತುಹೋಗುತ್ತಿದ್ದವು. ಇತಿಹಾಸದಲ್ಲಿ ಹಿಂದಕ್ಕೆ ನಡೆದು ಅವನ್ನು ರದ್ದುಪಡಿಸಬಹುದಾಗಿದ್ದರೂ, ತಂತ್ರಾಂಶವನ್ನು ಮುಚ್ಚಿದ ಮೇಲೆ ಆ ಅವಕಾಶವೂ ಇಲ್ಲವಾಗುತ್ತಿತ್ತು. ೩.೦ರಲ್ಲಿ ಇಂತಹ ಸಂಸ್ಕಾರಗಳು ಪದರಕ್ಕೆ ತಗುಲಿಕೊಂಡು ಪ್ರತ್ಯೇಕವಾಗಿ ನಿಲ್ಲುವುವು. ಮುಂದೆ ಯಾವಾಗಲಾದರೂ ತಿದ್ದಬಹುದು, ತೆಗೆಯಬಹುದು. ಇದೇ ಅಲ್ಲಿನ ಉತ್ಸರ್ಗ. ಹಳೆಯ ರೀತಿಯಲ್ಲಿ ಬೆರೆಸಿಬಿಡಬೇಕೆನ್ನುವವನಿಗೆ ಅದೇ ಪೆಟ್ಟಿಗೆಯೊಳಗೆ ಗುರುತುಹಾಕುವ ಒಂದು ಚೌಕವಿದೆ. ಮೂಲವನ್ನು ಕಾಯುವ ಸಾಮಾನ್ಯವಿಧಿ, ಕೈಗೆಟಕುವ ದೂರದಲ್ಲಿ ಅದರ ಅಪವಾದ: ೨೦೧೨ರಲ್ಲಿ ಸೇವ್ ಆಜ್ಞೆಯ ವಿಷಯದಲ್ಲಿ ಅರ್ಧವಾಗಿದ್ದ ತತ್ತ್ವವು ಇಲ್ಲಿ ಪೂರ್ಣವಾಗಿದೆ.

ಇದುವರೆಗಿನ ವಿಚಾರದಿಂದ ನಾವು ನಿರ್ಣಯಿಸುವುದು ಇಷ್ಟು. ಡಿಫಾಲ್ಟೆಂಬುದು ಬಳಸುವವನ ಲೋಪವಲ್ಲ. ಅವನು ಯಾರು, ಏನನ್ನು ಬಲ್ಲನು, ಏನನ್ನು ಕಳೆದುಕೊಳ್ಳಬಾರದು ಎಂಬುದರ ವಿಷಯದಲ್ಲಿ ಮಾಡಿದವನು ತಳೆದ ಅಭಿಪ್ರಾಯ. ಅಭಿಪ್ರಾಯವಾದುದರಿಂದಲೇ ಅದು ವಿಮರ್ಶೆಗೆ ಒಳಪಡತಕ್ಕುದು. ಹಿಂತಿರುಗಿಸಲಾಗದ ನಷ್ಟವನ್ನು ತಡೆಯುವ ಡಿಫಾಲ್ಟು ಕೆಲವರಿಗೆ ಕಿರುಕುಳವಾದರೂ ಇರತಕ್ಕುದು. ನೋಟದ ಅಂದಕ್ಕಾಗಿಯೋ ಸ್ಥಳದ ಉಳಿತಾಯಕ್ಕಾಗಿಯೋ ಇರುವ ಡಿಫಾಲ್ಟು ಬಹುಮಂದಿಗೆ ಕಿರುಕುಳವಾದರೆ ಬಿಡತಕ್ಕುದು. ಎರಡರಲ್ಲಿಯೂ ಅಪವಾದದ ದಾರಿಯು ತೊಂದರೆ ಹುಟ್ಟುವ ಸ್ಥಳದಲ್ಲಿಯೇ ತೋರತಕ್ಕುದು.

ನಮ್ಮ ಅಧ್ಯಾಪಕರಲ್ಲಿಯೂ ಸಂಶೋಧಕರಲ್ಲಿಯೂ ಈ ತಂತ್ರಾಂಶವನ್ನು ಬಳಸುವವರಿಗೆ ಒಂದು ವಿಜ್ಞಾಪನೆ. ಹಸ್ತಪ್ರತಿಯ ಚಿತ್ರವನ್ನು ತೆರೆಯುವ ಮೊದಲು ಮೂಲಚಿತ್ರದ ಒಂದು ನಕಲನ್ನು ಬೇರೆಯಾಗಿ ಇಡಿರಿ; ತಿದ್ದುಪಾಟನ್ನು ಹೊಸ ಪದರದಲ್ಲಿ ಮಾಡಿರಿ; ಎಕ್ಸ್‌ಸಿಎಫ್ ಪ್ರತಿಯನ್ನು ಉಳಿಸಿಕೊಂಡು ಅಚ್ಚಿಗೆ ಬೇಕಾದುದನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿರಿ. ತಂತ್ರಾಂಶವು ಅಡ್ಡಬಂದು ಪ್ರಶ್ನೆ ಕೇಳಿದಾಗ ಸಿಡುಕುವುದಕ್ಕೆ ಮುಂಚೆ, ಅದು ಓಲೆಯ ಪರವಾಗಿ ಕೇಳುತ್ತಿರಬಹುದೆಂದು ಒಂದು ಕ್ಷಣ ಯೋಚಿಸಿರಿ. ಹಾಗೆ ಕೇಳದಿರುವಾಗ, ನಮ್ಮ ಬದಲಾಗಿ ಅಲ್ಲಿ ಯಾರು ಏನನ್ನು ನಿರ್ಣಯಿಸಿದ್ದಾರೆಂಬುದನ್ನು ನಾವೇ ಕೇಳಿಕೊಳ್ಳಬೇಕು.